ಬದನೆ ಪಾತಿಗೆ ಬಂದ ಕಡಲ ಮಣ್ಣು

ಸಮುದ್ರದ ತಳದಲ್ಲಿ ಇಪ್ಪತ್ತು ಲಕ್ಷ ವರ್ಷ ನೆಮ್ಮದಿಯಾಗಿ ಮಲಗಿದ್ದ ಕೆಸರು ಹೊಣಕೆರೆಯಲ್ಲಿ ಎರಡು ದಿನ ಬಾಳಲಿಲ್ಲ.

೧೯೭೬ರ ಮಾತು. ಮರಿಸ್ವಾಮಿಗೆ ಕಡಲ ಸಂಶೋಧನೆಯ ಕಚೇರಿಯಲ್ಲಿ ಕೆಲಸ. ಹಡಗಿನವರು ದಕ್ಷಿಣ ಧ್ರುವದ ಕಡೆಯ ಕಡಲಾಳದಿಂದ ಕೊಳವೆಯಲ್ಲಿ ಎತ್ತಿದ, ಬಣ್ಣಬಣ್ಣದ ಪಟ್ಟಿಗಳಿದ್ದ ಮಾರುದ್ದದ ಕೆಸರನ್ನು ಸಾಹೇಬರು ಉದ್ದಕ್ಕೆ ಸೀಳಿ, ಅರ್ಧ ತಾವಿಟ್ಟುಕೊಂಡು ಅರ್ಧ ಇವನಿಗೆ ಕೊಟ್ಟಿದ್ದರು. ಜ್ವಾಲಾಮುಖಿಯ ಬೂದಿಗೂ ಹಿಮಯುಗಕ್ಕೂ ನಂಟಿದೆಯೇ ಎಂದು ಅದರಲ್ಲಿ ಪತ್ತೆಮಾಡಿದರೆ ಮುಂದಿನ ಹಡಗಿನಲ್ಲಿ ಇವನಿಗೆ ಜಾಗ. ರಜೆಯಲ್ಲಿ ನೋಡೋಣವೆಂದು ಊರಿಗೆ ತಂದ. ನಾಗಮಂಗಲಕ್ಕೆ ಹೋಗಿ ಬರುವಷ್ಟರಲ್ಲಿ ಪೆಟ್ಟಿಗೆ ಖಾಲಿ!

"ಅವ್ವಾ, ಮಣ್ಣೆಲ್ಲವ್ವಾ?"

"ಇತ್ಲಲ್ಲಿ ಬದನೆ ಸಸಿಗೆ ಆಕಿವ್ನಿ. ಗೋಡು ಚೆಂದಾಗೈತೆ, ಯಾವ್ ಕೆರೇದ್ಲಾ?" ಎಂದಳು ಚಿಕ್ಕಬೋರಮ್ಮ. ಬೇಸಿಗೆ ಬಂದರೆ ಗಾಡಿಗಟ್ಟಲೆ ಕೆರೆಯ ಗೋಡುಮಣ್ಣು ಹೊಲಕ್ಕೆ ಹೊಡೆಸಿದ ಜೀವ. "ಮಣ್ಣ ಯಾರಾದ್ರೂ ನೋಡಾಕೆ ತತ್ತಾರೇನ್ಲಾ?"

ಮರಿಸ್ವಾಮಿ ಖಾಲಿ ಪೆಟ್ಟಿಗೆಯನ್ನು ಬೋರಲು ಹಾಕಿ ತಟ್ಟಿದ. ಹಡಗು ಮಣ್ಣುಪಾಲು, ಮಣ್ಣು ಬದನೆಪಾಲು.

"ಎಲ್ಲಾನೂ ಕಲಸ್ಬುಟ್ಯಾ?"

"ಕಲಸಾಕೆ ನಾನೇನ್ ಪೆದ್ದಿಯಾ? ಒಂದ್ ಬಣ್ಣದ್ ಮಣ್ಗೆ ಇನ್ನೊಂದ್ ಬೆರಸ್ಬಾರ್ದು ಕಣ್ಲಾ. ಯಾವ್ದು ಒಗ್ಗುತ್ತೋ ನೋಡ್ಬೇಕು. ಒಂದೊಂದ್ ಬಣ್ಣಕ್ಕೂ ಒಂದೊಂದ್ ಪಾತಿ."

ಮರಿಸ್ವಾಮಿ ಹಿತ್ತಲಿಗೆ ಓಡಿದ. ಅಂಗೈಯಗಲದ ಏಳು ಪಾತಿ, ಕೊಳವೆಯಲ್ಲಿದ್ದ ಕ್ರಮದಲ್ಲೇ ಸಾಲಾಗಿ ಕೂತಿವೆ. ಅವುಗಳಲ್ಲಿ ಮೂರು ಪಾತಿಗಳ ಅಂಚಿನಲ್ಲಿ ಮಾತ್ರ ಒಂದೊಂದು ಪುಟ್ಟ ಕಲ್ಲಿನ ಗುಡ್ಡೆ.

"ಈ ಕಲ್ಲು?"

"ಆರಿಸ್ ಮಡಗ್ದೆ. ಬೂದಿ ಬಣ್ಣದ್ರಲ್ಲೇ ಇದ್ದಿದ್ದು. ಮಿಕ್ಕಿದ್ದು ಬೆಣ್ಣೆ ಇದ್ದಂಗೈತೆ."

ಮರಿಸ್ವಾಮಿ ಅವ್ವನನ್ನು ಎತ್ತಿ ಒಂದು ಸುತ್ತು ತಿರುಗಿಸಿಬಿಟ್ಟ. ನಡುಗಡಲಿಗೆ ಕಲ್ಲು ತೇಲಿ ಬರುವುದಿಲ್ಲ. ಹಿಮದ ಬಂಡೆಯೇ ಹೊತ್ತು ತಂದು, ಕರಗುವಾಗ ಕೆಳಗೆ ಉದುರಿಸಬೇಕು. ಬೂದಿ ಬಣ್ಣದ ಪಟ್ಟಿಯೆಂದರೆ ಜ್ವಾಲಾಮುಖಿಯ ಬೂದಿ; ಅದಿದ್ದಲ್ಲೇ ಕಲ್ಲೂ ಇದ್ದರೆ, ಬೂದಿ ಹಾರಿದ ಕಾಲದಲ್ಲೇ ಹಿಮವೂ ಹಬ್ಬಿತ್ತು!

"ಬುಡ್ಲಾ, ಸೊಂಟ ಮುರ್ದೋದಾತು!"

"ಬೂದಿ ಸೂರ್ಯನ್ನೇ ಮರೆ ಮಾಡುತ್ತೆ ಕಣವ್ವಾ, ಭೂಮಿ ತಣ್ಗಾಗುತ್ತೆ."

"ಆಲೆಮನೆ ಹೊಗೆ ಕವುಚ್ಕೊಂಡ್ರೆ ಮೆಣಸಿನ್ಕಾಯಿ ಒಣಗಾಕಿಲ್ವಲ್ಲ, ಅಂಗಾ?"

"ಅಂಗೇ! ಅದ್ನ ತಿಳಿಯಾಕೇ ಹಡಗು ಹೋಗಿದ್ದು."

"ಹಡಗ್ಯಾಕ್ಲಾ? ನನ್ನ ಕೇಳಿದ್ರೆ ಆಗ್ತಿರ್ನಿಲ್ವಾ?"

ಅಂದೇ ಅವನು ಸಾಹೇಬರಿಗೆ ಪತ್ರ ಬರೆದ. ಬದನೆಯನ್ನೂ ಮುಚ್ಚಿಡದೆ ನಡೆದದ್ದೆಲ್ಲ ಹೇಳಿ, ನಿಮ್ಮ ಅರ್ಧದಲ್ಲೂ ಬೂದಿಯ ಪಟ್ಟಿಗಳನ್ನೇ ಕೆದಕಿ ನೋಡಿ ಎಂದು ಬೇಡಿಕೊಂಡ. ಎಂಟು ದಿನದಲ್ಲಿ ಉಪ್ಪು ಮಣ್ಣಿಗೆ ಬದನೆ ಸಸಿ ಬಾಡಿತು, ಚಿಂತೆಗೆ ಮರಿಸ್ವಾಮಿ ಬಾಡಿದ.

ಒಂಬತ್ತನೆಯ ದಿನ ಅಂಚೆಯ ಮುದ್ದಯ್ಯ ತಂತಿ ತಂದು ತಾನೇ ಓದಿದ: "ಕಲ್ಲು ಸಿಕ್ಕಿತು. ಹಡಗಿಗೆ ಹೊರಡು."

ಮರಿಸ್ವಾಮಿ ಮುದ್ದಯ್ಯನನ್ನೂ ಎತ್ತಿ ತಿರುಗಿಸಿದ.

"ಕಲ್ಲು ಸಿಕ್ಕಿದ್ಕೆ ಇಷ್ಟೊಂದು ಕುಸಿಯೇನ್ಲಾ?" ಚಿಕ್ಕಬೋರಮ್ಮ ಬೆರಗಾದಳು. "ಅನ್ನದಲ್ಲಿ ಒಂದ್ ಸಿಕ್ಕಿದ್ರೆ ನಿಮ್ಮಪ್ಪ ತಟ್ಟೇನೇ ಎಸೀತಿದ್ದ!" ಎನ್ನುತ್ತ, ಹಡಗಿನ ಬುತ್ತಿಗೆ ರಾಗಿ ಹುರಿಯಲು ಒಲೆ ಹೊತ್ತಿಸಿದಳು.