ಕೈಯಲ್ಲಿರೋ ಫೋನು, ಪಕ್ಕದಲ್ಲಿರೋ ಹೆಂಡತಿ

ಮೊಳಕಾಲ್ಮುರಿನ ನೇಕಾರರ ಕೇರಿಯಲ್ಲಿ ಓಬಳೇಶನ ಕೈಗೆ ಒಳ್ಳೆ ಹೆಸರಿತ್ತು. ಅವನು ನೇಯ್ದ ರೇಷ್ಮೆ ಸೀರೆಯಲ್ಲಿ ಒಂದು ಎಳೆ ಆಚೀಚೆ ಆಗುತ್ತಿರಲಿಲ್ಲ. ಅಂಥವನ ಮಗ್ಗ ಈಚೆಗೆ ಗಳಿಗೆಗೊಮ್ಮೆ ನಿಲ್ಲತೊಡಗಿತು. ನಾಲ್ಕು ಸಲ ಲಾಳಿ ಓಡಿಸಿದರೆ ಸಾಕು, ಕೈ ಜೇಬಿಗೆ ಹೋಗುತ್ತಿತ್ತು. ಫೋನು ಹಿಡಿದು ಹಿತ್ತಲಿಗೆ ಹೋಗುವನು, ವಾಪಸ್ಸು ಬರುವಾಗ ಮುಖ ಬಿಗಿದಿರುವುದು. ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು.

"ಏಮೈಂದಿರಾ ನೀಕು?" ನಿನಗೇನಾಗೈತೆ ಅಂತ ತಾಯಿ ಸೂರಮ್ಮ ಮನೆಮಾತು ತೆಲುಗಿನಲ್ಲೇ ಕೇಳುವಳು.

"ಏನಿಲ್ಲ ಬಿಡಮ್ಮ."

ಆಗಿದ್ದಿಷ್ಟು. ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಯಾರೋ ತಮಾಷೆಗೆ ಅಂತ ಅಶ್ಲೀಲ ವಿಡಿಯೋ ಹಾಕಿದ್ದ. ಓಬಳೇಶ ನೋಡಿದ, ಇನ್ನೊಂದು ಹುಡುಕಿದ. ಮೊದಲು ಯಾವಾಗಲಾದರೊಮ್ಮೆ, ಆಮೇಲೆ ದಿನಾ, ಆಮೇಲೆ ಬಿಡುವು ಸಿಕ್ಕಾಗೆಲ್ಲ. ನಿನ್ನೆ ನೋಡಿದ್ದು ಇವತ್ತು ಸಪ್ಪೆ ಅನ್ನಿಸುತ್ತಿತ್ತು. ಅದಕ್ಕಿಂತ ಒರಟಾದದ್ದು ಬೇಕಾಗುತ್ತಿತ್ತು. 'ನಾನೇನು ಕುಡೀತೀನಾ, ಇಸ್ಪೀಟ್ ಆಡ್ತೀನಾ? ನನ್ ಫೋನು, ನಾನು ನೋಡ್ತೀನಿ. ಯಾರಿಗೇನು ನಷ್ಟ?' ಅಂತ ತನಗೆ ತಾನೇ ಹೇಳಿಕೊಳ್ಳುವನು.

ನಷ್ಟ ಆಗುತ್ತಿದ್ದುದು ಹೆಂಡತಿ ಚೌಡೇಶ್ವರಿಗೆ. ಪಕ್ಕದಲ್ಲೇ ಕೂತು ಲಾಳಿಯೊಳಗೆ ಕೂರಿಸುವ ಕಂಡಿಕೆಗೆ ನೂಲು ಸುತ್ತುತ್ತಿದ್ದ ಅವಳ ಜೊತೆ ಅವನಿಗೆ ಮಾತೇ ಬೇಡವಾಯಿತು. ವಿಡಿಯೋದಲ್ಲಿ ಕಂಡದ್ದಕ್ಕೆಲ್ಲ ಅವಳು ಒಪ್ಪಬೇಕು ಅಂತ ಹಟ ಹಿಡಿದ. "ನಂಗೆ ನೋವಾಗ್ತದೆ, ಬ್ಯಾಡ" ಅಂದರೆ ರೇಗಿದ. ಬರಬರುತ್ತ ಅವಳ ಹತ್ತಿರ ಹೋಗುವ ಆಸೆಯೇ ಅವನಲ್ಲಿ ಬತ್ತಿತು. ಅದಕ್ಕೂ ಅವಳನ್ನೇ ದೂರಿದ.

ಒಂದು ಬೆಳಗ್ಗೆ ಲಾಳಿಯ ಎಳೆ ಪದೇ ಪದೇ ತುಂಡಾಯಿತು. "ನೂಲು ಸುತ್ತೋಕೂ ಬರಲ್ವಾ ನಿಂಗೆ?" ಅಂತ ಕೂಗಾಡಿದ.

ಚೌಡೇಶ್ವರಿ ಕಂಡಿಕೆ ಕೆಳಗಿಟ್ಟಳು. "ನಿಮ್ ಕೈ ನನ್ ಮೇಲಿದ್ದಾಗ್ಲೂ ನಿಮ್ ಕಣ್ಣು ಇನ್ನೆಲ್ಲೋ ಇರ್ತದೆ. ಏನ್ ನೋಡ್ತೀರಿ ಅಂತ ನಂಗೊತ್ತು. ಆ ಫೋನಿನಾಗಿರೋರ ಮುಂದೆ ನಾನು ನಿಮಗೆ ಯಾರು ಹೇಳ್ರಿ?"

ಅವನು ತುಂಡಾದ ಎಳೆಗೆ ಗಂಟು ಹಾಕತೊಡಗಿದ. ಅವತ್ತೇ ಅವಳು ಬಿ.ಜಿ. ಕೆರೆಯ ತವರಿಗೆ ಹೊರಟಳು. ಅತ್ತೆಗೆ "ಅವ್ವನ್ನ ನೋಡ್ಕಂಡು ಬರ್ತೀನಿ" ಅಂದಳಷ್ಟೆ.

ಈಗ ಕೇಳೋರಿಲ್ಲ ಅಂತ ಓಬಳೇಶ ಇನ್ನಷ್ಟು ನೋಡಿದ. ಕಣ್ಣು ಉರಿಯಿತು, ಊಟ ಸೇರಲಿಲ್ಲ. ಹೆಂಡತಿ ಫೋನು ಎತ್ತಲಿಲ್ಲ. ಒಂದು ದಿನ ಪಕ್ಕದ ಮನೆ ವೀರಮ್ಮ ಮಜ್ಜಿಗೆ ಕೇಳಲು ಬಂದಳು. ಚಿಕ್ಕಂದಿನಿಂದ ಅವನು ಅಕ್ಕಾ ಅಂತ ಕರೆದವಳು. ಅವಳು ಮಾತಾಡುತ್ತಿರುವಾಗಲೇ ಇವನ ಕಣ್ಣು ಹೋಗಬಾರದ ಕಡೆ ಹೋಯಿತು. ವೀರಮ್ಮ ಸೆರಗು ಎಳೆದುಕೊಂಡಳು. ಮಜ್ಜಿಗೆ ಇಸಿದುಕೊಳ್ಳದೆ ಹೊರಟೇಬಿಟ್ಟಳು. ತನ್ನ ಕಣ್ಣು ತನ್ನ ಮಾತು ಕೇಳುತ್ತಿಲ್ಲ ಅಂತ ಓಬಳೇಶ ಮೊದಲ ಸಲ ಹೆದರಿದ.

ಮಾರನೆ ದಿನ ಚಳ್ಳಕೆರೆ ಬಸ್ಸು ಹತ್ತಿದ. ದಾರಿಯಲ್ಲಿ ಬಿ.ಜಿ. ಕೆರೆ ಬಂತು. ಎದ್ದು ಬಾಗಿಲವರೆಗೂ ಹೋದ. ಯಾವ ಮುಖ ತೋರಿಸಲಿ ಅನ್ನಿಸಿ ಮತ್ತೆ ಬಂದು ಕೂತ. ಚಳ್ಳಕೆರೆಯಲ್ಲಿ ಅವನ ಜೊತೆ ಓದಿದ ಮಾರುತೇಶ ಆಸ್ಪತ್ರೆಯೊಂದರಲ್ಲಿ ಆಪ್ತ ಸಮಾಲೋಚಕ. ಮನಸ್ಸಿನ ಕಷ್ಟ ಹೇಳಿಕೊಳ್ಳೋರ ಮಾತು ಕೇಳಿ ದಾರಿ ತೋರಿಸುವ ಕೆಲಸ. ಟೀ ಅಂಗಡಿಯ ಮೂಲೆಯಲ್ಲಿ ಕೂತು ಓಬಳೇಶ ಎಲ್ಲ ಹೇಳಿದ. ಹೇಳುತ್ತಲೇ ವಾದಕ್ಕೂ ಇಳಿದ.

"ಬರೀ ನೋಡೋದು ಕಣಲೇ. ಗಂಡಸ್ರು ಯಾರ್ ನೋಡಲ್ಲ?"

"ಭಾಳ ಜನ ನೋಡ್ತಾರೆ. ಎಲ್ರೂ ನಿನ್ನಂಗೆ ಸಿಕ್ಕಿ ಹಾಕ್ಕೊಳಲ್ಲ. ಆದ್ರೆ ನಷ್ಟ ಇಲ್ದಿದ್ರೆ ನೀನು ಮಗ್ಗ ಬಿಟ್ಟು ಇಲ್ಲಿಗ್ಯಾಕೆ ಬಂದೆ?"

ಓಬಳೇಶ ಟೀ ಲೋಟ ಪಕ್ಕಕ್ಕೆ ಸರಿಸಿದ.

"ಅದು ಸಂಸಾರ ಅಲ್ಲ, ನಟನೆ" ಅಂದ ಮಾರುತೇಶ. "ಕತ್ತರಿಸಿ ಜೋಡಿಸಿರ್ತಾರೆ. ನೋವಾಗಿದ್ದು, ಬ್ಯಾಡ ಅಂದಿದ್ದು ತೋರಿಸಲ್ಲ. ಹೆದರಿಸಿ ತೆಗೆದಿದ್ದೂ ಇರ್ತದೆ, ಕದ್ದು ಕ್ಯಾಮೆರಾ ಇಟ್ಟು ತೆಗೆದಿದ್ದೂ ಇರ್ತದೆ. ಆ ಹೆಣ್ಮಗಳೂ ಒಬ್ರ ಮನೆ ಮಗಳೇ. ಅಂಥ ವಿಡಿಯೋ ಇನ್ನೊಬ್ರಿಗೆ ಕಳಿಸಿದ್ರೆ ಜೈಲಿಗೂ ಹೋಗ್ಬೇಕಾಗ್ತದೆ, ಗೊತ್ತೈತಾ?"

"ನಂಗೆ ಹುಚ್ಚು ಹಿಡಿದೈತಾ?"

"ಹುಚ್ಚಲ್ಲ, ಚಟ. ದಿನಾ ಹೊಸದು ಹೊಸದು ತೋರಿಸಿ ಮನಸ್ಸಿನ ರುಚಿ ಕೆಡಿಸ್ಕಂಡೀಯ. ಅದಕ್ಕೇ ಮನೆಯಾಕಿ ಬ್ಯಾಡಾಗ್ಯಾಳೆ. ಬಿಟ್ರೆ ಸರಿಹೋಗ್ತದೆ, ಸ್ವಲ್ಪ ಕಾಲ ಹಿಡೀತದೆ. ಮೊದ್ಲು ಆ ಗುಂಪಿನಿಂದ ಆಚೆ ಬಾ. ಇರೋದೆಲ್ಲ ಅಳಿಸು. ಫೋನು ಎಲ್ರ ಕಣ್ಣಿಗೆ ಬೀಳೋ ಕಡೆ ಇಡು. ಮನಸ್ಸು ಎಳೆದಾಗ ಎದ್ದು ನಡಿ, ಯಾರ್ ಜೊತೆಗಾದ್ರೂ ಮಾತಾಡು. ಮೊದಮೊದಲು ಚಡಪಡಿಕೆ ಜಾಸ್ತಿನೇ ಆಗ್ತದೆ, ಹೆದರಬ್ಯಾಡ. ಇನ್ನೊಂದು ಮಾತು. ಹೆಂಡ್ತಿ ಬ್ಯಾಡ ಅಂದ್ರೆ ಬ್ಯಾಡ ಅಂತಾನೇ ಅರ್ಥ."

ಓಬಳೇಶ ಅಲ್ಲೇ ಗುಂಪು ಬಿಟ್ಟ, ಎಲ್ಲ ಅಳಿಸಿದ.

ವಾಪಸ್ಸು ಬರುವಾಗ ಬಿ.ಜಿ. ಕೆರೆಯಲ್ಲಿ ಇಳಿದ. ಚೌಡೇಶ್ವರಿ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದಳು. ಎದುರಿಗೆ ನೆಲದ ಮೇಲೇ ಕೂತ. "ತಪ್ಪು ನಿಂದಲ್ಲ, ನಂದು. ಬಿಡಬೇಕು ಅಂತ ಮಾರುತೇಶನ ಹತ್ರ ಹೋಗಿದ್ದೆ. ತಗೋ, ಫೋನು ನಿನ್ ಹತ್ರಾನೇ ಇರ್ಲಿ" ಅಂದ.

ಅವಳು ಮುಟ್ಟಲಿಲ್ಲ. "ನನ್ನ ಕಾವಲಿಗೆ ಕೂರಿಸಬ್ಯಾಡ್ರಿ. ನೀವೇ ಬಿಡ್ರಿ. ಆ ಮಾರುತೇಶಣ್ಣನ ಹತ್ರ ಇನ್ನೊಂದ್ ಸಲ ಹೋಗಾಣ. ನಾನೂ ಬರ್ತೀನಿ, ನಂಗೂ ಹೇಳೋದೈತೆ."

ಇಬ್ಬರೂ ಹೋದರು, ಆಮೇಲೆ ಅವಳು ಗಂಡನ ಮನೆಗೆ ಮರಳಿದಳು. ಒಮ್ಮೆಗೇ ಎಲ್ಲ ಸರಿಯಾಗಲಿಲ್ಲ. ನಡುವೆ ಒಂದು ಸಲ ಓಬಳೇಶ ಜಾರಿದ, ಮುಚ್ಚಿಡದೆ ಹೆಂಡತಿಗೆ ಹೇಳಿದ. ಅವಳು ಅತ್ತಳು, ಆದರೆ ಬಿಟ್ಟು ಹೋಗಲಿಲ್ಲ. ಮೊನ್ನೆ ಇಬ್ಬರೂ ಜಗಲಿ ಮೇಲೆ ಕೂತು ಅದೂ ಇದೂ ಮಾತಾಡುತ್ತ ನಗುವುದನ್ನು ಸೂರಮ್ಮ ಕಂಡಳು. ಏನೂ ಕೇಳದೆ ಒಳಗೆ ಹೋದಳು.

ಇದನ್ನು ಓದುತ್ತಿರುವ ಅಣ್ಣ, ತಮ್ಮ, ನಿಮ್ಮ ಕೈಯೂ ಹೀಗೇ ಜೇಬಿಗೆ ಓಡುತ್ತಿದ್ದರೆ ನಾಚಿಕೊಂಡು ಒಬ್ಬರೇ ಒದ್ದಾಡಬೇಡಿ. ನಂಬಿಕೆಯವರೊಬ್ಬರಿಗೆ ಹೇಳಿ. ಇಲ್ಲವೇ 14416ಕ್ಕೆ ಫೋನು ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ. ಅಂಥ ವಿಡಿಯೋ ನಿಮ್ಮ ಫೋನಿಗೆ ಬಂದರೆ ಮುಂದಕ್ಕೆ ಕಳಿಸಬೇಡಿ, ನಿಮ್ಮಲ್ಲೇ ಅಳಿಸಿಹಾಕಿ. ಇವತ್ತು ಫೋನು ಕೆಳಗಿಟ್ಟು ಮನೆಯವರ ಮುಖ ನೋಡಿ ನಾಲ್ಕು ಮಾತಾಡಿ.