ತೇಪೆ ಯಾವ ಕಣ್ಣಿಗೆ?

ಮಗು ತಲೆ ವಾಲಿಸಿಕೊಂಡು ನೋಡಿದರೆ ನಾವು ಮುದ್ದಾಗಿದೆ ಎಂದು ನಗುತ್ತೇವೆ. ದರ್ಜಿ ತಾತನ ಮನೆಯಲ್ಲೂ ಹಾಗೇ ನಕ್ಕರು. ನಾಲ್ಕು ವರ್ಷದ ಮೊಮ್ಮಗಳು ಹೊಲಿಗೆ ಯಂತ್ರದೊಳಗಿನ ದಾರದ ಉರುಳೆಯಂತೆ ಗಿರಗಿರನೆ ಸುತ್ತುತ್ತಲೇ ಇರುತ್ತಾಳೆಂದು ಅವಳಿಗೆ ತಾತ ಇಟ್ಟ ಹೆಸರು ಬಾಬಿನ್.

ಕಣ್ಣಿನ ಡಾಕ್ಟರು ಮಾತ್ರ ನಗಲಿಲ್ಲ. ಎಡಗಣ್ಣು ಮಂಕಾಗಿದೆ ಎಂದು ಕನ್ನಡಕ ಕೊಟ್ಟರು. ದಿನಕ್ಕೆರಡು ಗಂಟೆ ಕಣ್ಣಿಗೆ ಅಂಟಿಸಲು ಪಟ್ಟಿಯನ್ನೂ ಕೊಟ್ಟರು. ಸೊಸೆ ಕೆಲಸಕ್ಕೆ ಹೋದ ಮೇಲೆ ಪಟ್ಟಿ ಅಂಟಿಸುವುದು ತಾತನ ಪಾಲಿಗೆ ಬಂತು.

ಹತ್ತನೇ ದಿನ ಸೊಸೆಗೆ ರಜೆ. ಹೊಲಿಯಲು ಕೊಟ್ಟಿದ್ದ ಕೋಟು ಕೇಳಲು, ಅದೇ ಡಾಕ್ಟರ ಬಳಿ ಕೆಲಸ ಮಾಡುವ ನರ್ಸಮ್ಮ ಮನೆಮುಂದಿನ ಅಂಗಡಿಗೆ ಬಂದರು. ಬಾಬಿನ್‌ಳನ್ನು ನೋಡಿ ಕೋಟಿನ ಮಾತು ಮರೆತರು.

"ಅಲ್ಲ ತಾತ, ಪಟ್ಟಿ ಎಡಗಣ್ಣಿಗೆ ಯಾಕೆ ಹಾಕಿದ್ದೀರಿ?"

"ಮತ್ತೆಲ್ಲಿಗೆ ಹಾಕ್ಲಮ್ಮ? ಐವತ್ತು ವರ್ಷದಿಂದ ಹರಿದ ಕಡೆ ತೇಪೆ ಹಾಕ್ತಿದ್ದೀನಿ. ಚೆನ್ನಾಗಿರೋ ಕಡೆ ಹಾಕಿದ್ರೆ ಗಿರಾಕಿ ಸುಮ್ನೆ ಬಿಡ್ತಾನಾ?"

ಸೊಸೆ ಒಳಗಿನಿಂದ ಓಡಿಬಂದಳು. "ಮಾವ, ಬಲಗಣ್ಣಿಗೆ ಅಂತ ಹೇಳಿ ಹೋಗಿದ್ನಲ್ಲ."

"ಅಲ್ಲಿ ಹಾಕಿದ್ರೆ ಮಗು ಅಳುತ್ತೆ ಕಣಮ್ಮ. ಸೋತ ಕಣ್ಣಿಗೆ ವಿಶ್ರಾಂತಿ ಬೇಡ್ವಾ?"

ನರ್ಸಮ್ಮ ಹೊಲಿಗೆ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದರು. "ಈಗ ಸೂಜಿ ನಿಂತಿದೆ. ಹೊಲಿಗೆ ಬೀಳುತ್ತಾ?"

"ಸೂಜಿ ಆಡಿದ್ರೆ ತಾನೆ ಬೀಳೋದು?"

"ಕಣ್ಣೂ ಅಷ್ಟೇ ತಾತ. ಒಂದೇ ಕಡೆ ದಿಟ್ಟಿಸಿ ನೋಡ್ತಿದ್ರೂ ಕಣ್ಣು ಸಣ್ಣಗೆ ಆಡ್ತಾನೇ ಇರುತ್ತೆ, ನಮಗೇ ಗೊತ್ತಾಗಲ್ಲ. ಹಾಗೆ ಆಡ್ತಾ ಆಡ್ತಾ ಕಂಡಿದ್ದನ್ನ ಮೆದುಳಿಗೆ ಕಳಿಸುತ್ತೆ. ಎಳೆ ಮಕ್ಕಳಲ್ಲಿ ಕಣ್ಣಿಗೂ ಮೆದುಳಿಗೂ ಹೊಲಿಗೆ ಬೀಳೋದು ಹೀಗೇ. ಒಂದು ಕಣ್ಣು ಮಂಕಾದ್ರೆ ಮೆದುಳು ಅದನ್ನ ಕೇಳೋದೇ ಬಿಟ್ಟುಬಿಡುತ್ತೆ. ಒಳ್ಳೇ ಕಣ್ಣು ಮುಚ್ಚಿದ್ರೇನೇ ಮಂಕು ಕಣ್ಣು ಕೆಲಸಕ್ಕಿಳಿಯೋದು."

ತಾತನ ಮುಖ ಸಣ್ಣದಾಯಿತು. "ಹಾಗಾದ್ರೆ ಹತ್ತು ದಿನ ಆ ಹೊಲಿಗೆ ಬಿಚ್ಚಿದ್ದು ನಾನೇನಾ?"

"ಎಳೇ ಮಗು, ಇನ್ನೂ ಕಾಲ ಇದೆ. ಡಾಕ್ಟರಿಗೆ ಹೇಳಿ, ಇವತ್ತಿಂದಲೇ ಸರಿಮಾಡಿ. ತಡವಾದಷ್ಟೂ ಕಷ್ಟ."

ಪಟ್ಟಿ ಬಲಗಣ್ಣಿಗೆ ಬಂತು. ಬಾಬಿನ್ ಅತ್ತಳು, ತಾತನ ಜೊತೆ ಟೂ ಬಿಟ್ಟಳು. ತಾತ ಬಿಳಿ ಬಟ್ಟೆಯ ಮೇಲೆ ಬಣ್ಣಬಣ್ಣದ ಗುಂಡಿ ಹರಡಿದ. "ಕೆಂಪು ಗುಂಡಿ ನನ್ನ ಕೈಗೆ ಸಿಗ್ತಿಲ್ಲ ಕಣೇ, ನೀನೇ ಹುಡ್ಕಿ ಕೊಡು." ಮೊದಲು ಕೋಟಿನ ದೊಡ್ಡ ಗುಂಡಿ, ಆಮೇಲೆ ಅಂಗಿಯ ಸಣ್ಣ ಗುಂಡಿ. ಎಡಗಣ್ಣು ಹುಡುಕಿತು, ತಪ್ಪಿತು, ಮತ್ತೆ ಹುಡುಕಿತು.

ನಾಲ್ಕನೇ ತಿಂಗಳಲ್ಲಿ ಒಂದು ಬೆಳಗ್ಗೆ, ಬಲಗಣ್ಣಿಗೆ ಪಟ್ಟಿ ಇರುವಾಗಲೇ, ಬಾಬಿನ್ ತಾತನ ಮೊಣಕಾಲಿಗೆ ಒರಗಿ ಹೇಳಿದಳು: "ತಾತ, ನಿನ್ನ ಹೊಲಿಗೆ ಸೊಟ್ಟ."

ತಾತ ಕನ್ನಡಕ ಏರಿಸಿ ನೋಡಿದ. ಹೌದು, ಹೊಲಿಯುತ್ತಿದ್ದ ಅಂಗಿಯ ತೋಳಿನ ಅಂಚಿನಲ್ಲಿ ಒಂದೇ ಒಂದು ಹೊಲಿಗೆ ಜಾರಿತ್ತು. ತನ್ನ ಕೆಲಸದಲ್ಲಿ ಯಾರಾದರೂ ತಪ್ಪು ಹುಡುಕಿದರೆ ಉರಿದುಬೀಳುವ ಮನುಷ್ಯ ಮಗುವನ್ನೆತ್ತಿಕೊಂಡು, ಅಂಗಿ ಹಿಡಿದುಕೊಂಡು ಬೀದಿಗೆ ಓಡಿದ. "ಕೇಳಿದ್ರಾ? ನನ್ನ ಹೊಲಿಗೆ ಸೊಟ್ಟವಂತೆ, ಸೊಟ್ಟ!"

"ಅದು ನನ್ನ ಅಂಗಿ ಸ್ವಾಮಿ," ಎಂದು ಅಂಗಿಗಾಗಿ ಕಾದು ಕೂತಿದ್ದ ಗಿರಾಕಿ ಹಿಂದೆ ಓಡಿದ.

ನಿಮ್ಮ ಮಗುವಿನ ಕಣ್ಣು ಓರೆಯಾಗಿ ಕಂಡರೆ, ಎದ್ದು ಕಾಣುವಷ್ಟು ಅಲುಗಾಡಿದರೆ, ಮಗು ತಲೆ ವಾಲಿಸಿ ನೋಡಿದರೆ, ದೊಡ್ಡದಾದ ಮೇಲೆ ಸರಿಹೋಗುತ್ತದೆ ಎಂದು ಕೂರಬೇಡಿ. ಈ ವಾರವೇ ಕಣ್ಣಿನ ಡಾಕ್ಟರಿಗೆ ತೋರಿಸಿ. ಪಟ್ಟಿ ಕೊಟ್ಟರೆ ಯಾವ ಕಣ್ಣಿಗೆ, ಎಷ್ಟು ಹೊತ್ತು ಎಂದು ಎರಡು ಸಲ ಕೇಳಿಕೊಳ್ಳಿ. ಮಗುವನ್ನು ನೋಡಿಕೊಳ್ಳುವ ಹಿರಿಯರಿಗೂ ಹೇಳಿ. ಅವರು ದರ್ಜಿಯಾಗಿದ್ದರೆ ಮೂರು ಸಲ ಹೇಳಿ.