ಮೂಲೆಗೆ ಮಸಿ ಬಿದ್ದ ಕಾರ್ಡು

ಸಂಜೀವಪ್ಪ ದಿನಾ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಆಫೀಸಿಗೆ ಹೊರಡುತ್ತಿದ್ದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ತಲೆ, ಒಂದು ಕೈಯಲ್ಲಿ ಕಾಗದಪತ್ರದ ಚೀಲ, ಇನ್ನೊಂದು ಕೈಯಲ್ಲಿ ಎರಡು ಡಬ್ಬಿಯ ಟಿಫನ್ ಕ್ಯಾರಿಯರ್. ಮನೆಯಿಂದ ಆಫೀಸಿಗೆ ಇನ್ನೂರು ಹೆಜ್ಜೆ. ಆಫೀಸೆಂದರೆ ಕೆರೆ ಏರಿಯ ಕೆಳಗಿನ ಹೊಂಗೆ ಮರ. ಅಲ್ಲಿ ಸಂಬಳವಿರಲಿಲ್ಲ, ಬೈಯುವ ಸಾಹೇಬನೂ ಇರಲಿಲ್ಲ. ಸಂಜೆ ಐದಾದರೆ ಮಾತ್ರ ಆಫೀಸು ಬಿಡುತ್ತಿತ್ತು.

ಈ ಆಫೀಸನ್ನು ತೆರೆದವಳು ಅವನ ಹೆಂಡತಿ ಅನುಸೂಯ.

ದೇವನಹಳ್ಳಿ ಪಕ್ಕದ ವಿಜಯಪುರದ ರೇಷ್ಮೆ ಹುರಿ ಮಾಡುವ ಕಾರ್ಖಾನೆಯಲ್ಲಿ ಅವನು ಮೂರು ವರ್ಷ ಗುಮಾಸ್ತನಾಗಿದ್ದ. ಕಾರ್ಖಾನೆ ಮುಚ್ಚಿತು. ಅವರ ಮದುವೆಯಾಗಿ ಆಗ ಆರು ತಿಂಗಳು. ಮೊದಮೊದಲು ಅವನು ಹುರುಪಿನಿಂದಲೇ ಅರ್ಜಿ ಬರೆದ. ಎಸ್ಸೆಸ್ಸೆಲ್ಸಿ ಪಾಸಾಗಿದ್ದ, ಟೈಪಿಂಗ್ ಬರುತ್ತಿತ್ತು. ಇಂದಲ್ಲ ನಾಳೆ ಆಗುತ್ತದೆ ಎಂದುಕೊಂಡ. ಇಪ್ಪತ್ತು ಅರ್ಜಿಗಳಾದ ಮೇಲೆ ಗಡ್ಡ ಬೋಳಿಸುವುದನ್ನು ಬಿಟ್ಟ. ಇಪ್ಪತ್ತೈದಾದ ಮೇಲೆ ಬಿಸಿಲು ಮೊಳಕಾಲಿಗೆ ಬರುವವರೆಗೂ ಕಂಬಳಿ ಹೊದ್ದು ಮಲಗತೊಡಗಿದ. ಒಂದು ಬುಧವಾರ, "ಇವತ್ತು ಭಾನುವಾರ ಅಲ್ವಾ?" ಎಂದು ಕೇಳಿದ.

ಅನುಸೂಯ ಮಾತಾಡುವವಳಲ್ಲ. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ತಮ್ಮಂದಿರನ್ನು ಎತ್ತಿಕೊಂಡು ಬೆಳೆದವಳು. ಗಂಡನ ಮನೆಗೆ ಬಂದ ಮೇಲೂ ಬಾಗಿಲ ಹಿಂದೆಯೇ ಹೆಚ್ಚು ಹೊತ್ತು. ಆದರೆ ಬಾಗಿಲ ಹಿಂದೆ ನಿಂತವಳಿಗೆ ಎಲ್ಲವೂ ಕಾಣುತ್ತದೆ. ಗಂಡನಿಗೆ ಇಡೀ ದಿನ ಕಷ್ಟವಿಲ್ಲ, ಹತ್ತು ಗಂಟೆಯದೇ ಕಷ್ಟ ಎಂಬುದು ಅವಳಿಗೆ ಕಂಡಿತು. ಆ ಹೊತ್ತಿಗೆ ಊರಿನ ಗಂಡಸರೆಲ್ಲ ಹೊಲಕ್ಕೋ ಪೇಟೆಗೋ ಹೋಗಿರುತ್ತಿದ್ದರು. ಇವನಿಗೆ ಕೈಕಾಲು ಎಲ್ಲಿಡಬೇಕೆಂದು ತೋಚುತ್ತಿರಲಿಲ್ಲ.

ಒಂದು ದಿನ ಅವಳು ಹಿತ್ತಾಳೆ ಚೊಂಬಿಗೆ ಕೆಂಡ ತುಂಬಿ ಅವನ ಅಂಗಿಗೆ ಇಸ್ತ್ರಿ ಮಾಡಿದಳು. ಕ್ಯಾರಿಯರಿಗೆ ಮುದ್ದೆ, ಹುರುಳಿ ಸಾರು ಹಾಕಿ ಹೊಸ್ತಿಲ ಪಕ್ಕ ಇಟ್ಟಳು.

"ಎಲ್ಲಿಗೆ ಇದು?" ಎಂದ ಸಂಜೀವಪ್ಪ.

"ಆಫೀಸಿಗೆ."

"ಯಾವ ಆಫೀಸಿಗೆ?"

ಅಷ್ಟು ದೂರ ಅವಳು ಯೋಚಿಸಿರಲಿಲ್ಲ. "ಕೆಲ್ಸ ಹುಡುಕೋದೂ ಒಂದು ಕೆಲ್ಸ ತಾನೆ. ಮನೇಲಿ ಕೂತ್ರೆ ನಿದ್ದೆ ಬರುತ್ತೆ. ಹೊಂಗೆ ಮರದ ಕೆಳಗೆ ಗಾಳಿ ಚೆನ್ನಾಗಿರುತ್ತೆ" ಎಂದಳು.

ಮದುವೆಯಾದಾಗಿನಿಂದ ಅವಳು ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದು ಅದೇ ಮೊದಲು. ಆ ಬೆರಗಿನಲ್ಲೇ ಅವನು ಎದ್ದು ಹೋದ.

ಊರಿಗೆ ಒಳ್ಳೆಯ ತಮಾಷೆ ಸಿಕ್ಕಿತು. ಪಕ್ಕದ ಹೊಲದ ರಾಮಾಂಜಿನಪ್ಪ ದಿನಾ ಎತ್ತು ನಿಲ್ಲಿಸಿ ಕೇಳುತ್ತಿದ್ದ. "ಏನ್ ಗುರು, ಇವತ್ತು ಐದು ನಿಮಿಷ ಲೇಟು?" "ಪ್ರಮೋಷನ್ ಯಾವಾಗ್ಲಾ, ಆಲದ ಮರಕ್ಕೆ?" ಅತ್ತೆ ಅಕ್ಕಯಮ್ಮ ಮಾತ್ರ ನಗಲಿಲ್ಲ. "ಮಲಗಿರೋ ಮಗನಿಗಿಂತ ಮರದ ಕೆಳಗೆ ಕೂತಿರೋ ಮಗ ವಾಸಿ" ಎಂದು ಕ್ಯಾರಿಯರಿಗೆ ತಾನೇ ಒಂದು ಈರುಳ್ಳಿ ಹಾಕಿದಳು.

ಹದಿನೈದು ದಿನ ಕಳೆಯುವಷ್ಟರಲ್ಲಿ ನಗುತ್ತಿದ್ದವರೇ ಕಾಗದ ಬರೆಸಲು ಬರತೊಡಗಿದರು. ಮಿಲಿಟರಿಯಲ್ಲಿರುವ ಮಗನಿಗೊಂದು, ಪಂಪ್‌ಸೆಟ್ಟಿಗೆ ಕರೆಂಟು ಕೊಡಿ ಎಂದೊಂದು. ಅದರ ನಡುವೆ ಸಂಜೀವಪ್ಪ ತನ್ನ ಅರ್ಜಿಗಳನ್ನೂ ಬರೆದ. ವಾರಕ್ಕೊಮ್ಮೆ ಸೈಕಲ್ ತುಳಿದು ಸೂಲಿಬೆಲೆ ಪೋಸ್ಟಾಫೀಸಿಗೆ ಹೋಗಿ ಹಾಕಿಬಂದ. ಬೆರಳಿಗೆ ಟೈಪಿಂಗ್ ಮರೆತುಹೋಗಬಾರದೆಂದು ಒಂದು ಹಲಗೆಯ ಮೇಲೆ ಇದ್ದಿಲಿನಲ್ಲಿ ಅಕ್ಷರಗಳ ಮನೆ ಬರೆದುಕೊಂಡು, ಮಧ್ಯಾಹ್ನ ಊಟವಾದ ಮೇಲೆ ಒಂದು ಗಂಟೆ ಕುಟ್ಟುತ್ತಿದ್ದ. ಸಂಜೆ ಮನೆಗೆ ಬಂದಾಗ ಅನುಸೂಯ ಕಾಲಿಗೆ ನೀರು ಕೊಟ್ಟು, "ಇವತ್ತು ಕೆಲ್ಸ ಜಾಸ್ತಿನಾ?" ಎನ್ನುತ್ತಿದ್ದಳು. "ಸಾಕಾಯ್ತು ಕಣೆ" ಎಂದು ಅವನು ನಿಜಕ್ಕೂ ಬೆನ್ನು ನೀವಿಕೊಳ್ಳುತ್ತಿದ್ದ.

ಹೀಗೆ ಒಂದು ವರ್ಷ ನಡೆಯಿತು. ಎಪ್ಪತ್ತೆರಡರ ಅವರೆಕಾಯಿ ಕಾಲದಲ್ಲಿ ಆ ಕಾರ್ಡು ಬಂತು.

ಟಪಾಲಿನ ಲಕ್ಷ್ಮಯ್ಯ ಇದ್ದಿದ್ದರೆ ತೊಂದರೆಯೇ ಆಗುತ್ತಿರಲಿಲ್ಲ. ಅವನು ಯಾರ ಕಾರ್ಡನ್ನಾದರೂ ದಾರಿಯಲ್ಲೇ ಓದಿಕೊಂಡು, ಬಾಗಿಲಿಗೆ ಬರುವ ಮೊದಲೇ ಸುದ್ದಿ ಕೂಗುವವನು. ಮಗಳ ಮದುವೆಗೆಂದು ಅವನು ರಜ ಹಾಕಿದ್ದ. ಬದಲಿಗೆ ಬಂದ ಹೊಸಬ ಕಾರ್ಡನ್ನು ಜಗಲಿಯ ಮೇಲಿಟ್ಟು ಸೈಕಲ್ ಹತ್ತಿ ಹೋಗೇಬಿಟ್ಟ.

ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತಿದ್ದ ಅಕ್ಕಯಮ್ಮ ನೋಡಿದಳು. ಕಾರ್ಡಿನ ಒಂದು ಮೂಲೆ ಪೂರ್ತಿ ಕಪ್ಪು.

ಆ ಕಡೆಯ ಊರುಗಳಲ್ಲಿ ಮದುವೆ ಕಾಗದದ ಮೂಲೆಗೆ ಅರಿಶಿನ ಹಚ್ಚುತ್ತಾರೆ, ಸಾವಿನ ಕಾಗದದ ಮೂಲೆಗೆ ಮಸಿ ಹಚ್ಚುತ್ತಾರೆ. ಮಸಿಯ ಕಾಗದ ಹೊಸ್ತಿಲು ದಾಟುವಂತಿಲ್ಲ. ಹೊರಗೇ ಓದಿ, ಹರಿದು, ತಿಪ್ಪೆಗೆ ಹಾಕಿ ತಲೆಯ ಮೇಲೆ ನೀರು ಹೊಯ್ದುಕೊಳ್ಳಬೇಕು. ಅಕ್ಕಯಮ್ಮನಿಗೆ ಓದು ಬರುತ್ತಿರಲಿಲ್ಲ. ಆದ್ದರಿಂದ ತನಗೆ ಬರುವಷ್ಟನ್ನು ಮಾಡಿದಳು. ಕಾರ್ಡನ್ನು ಪರಪರನೆ ಎಂಟು ಚೂರು ಮಾಡಿ ಎದುರಿನ ತಿಪ್ಪೆಗೆ ಎಸೆದಳು. ಆಮೇಲೆ, "ಅಣ್ಣಯ್ಯಾ, ಹೊರಟೇಬಿಟ್ಯಾ" ಎಂದು ಕುಸಿದಳು.

ದೇವನಹಳ್ಳಿಯಲ್ಲಿದ್ದ ಅವಳ ಅಣ್ಣ ಆವಲಪ್ಪನಿಗೆ ಹೋದ ತಿಂಗಳು ದಮ್ಮು ಹೆಚ್ಚಾಗಿತ್ತು. ಇನ್ನಾರು ಸಾಯಬೇಕು?

ಅಳು ಕೇಳಿ ಒಳಗಿನಿಂದ ಓಡಿಬಂದ ಅನುಸೂಯ ಚೂರುಗಳು ಹಾರುವುದನ್ನು ಕಂಡಳು. ಒಂದು ಚೂರಿನ ಮೇಲೆ ಅಚ್ಚಿನ ಅಕ್ಷರವಿತ್ತು, ಅದರ ಪಕ್ಕ ಚುಕ್ಕಿಚುಕ್ಕಿಯ ಗೆರೆ, ಗೆರೆಯ ಮೇಲೆ ಕೈಬರಹ. ಅವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. "ಅತ್ತೆ" ಎಂದಳು. ಆ ಮಾತು ಅವಳಿಗೇ ಕೇಳಿಸಲಿಲ್ಲ. ಅಕ್ಕಯಮ್ಮ ಆಗಲೇ ಬಿಂದಿಗೆ ನೀರು ಸುರಿದುಕೊಳ್ಳುತ್ತಿದ್ದಳು. ಯಾರೋ ಮರದ ಹತ್ತಿರ ಓಡಿ ಸಂಜೀವಪ್ಪನನ್ನು ಕರೆತಂದರು.

"ಕಾರ್ಡು ಎಲ್ಲವ್ವ?"

"ಹರಿದಾಕ್ದೆ. ಅಂಥದ್ದನ್ನ ಇಟ್ಕೊಂಡು ಪೂಜೆ ಮಾಡ್ಲಾ? ನಡಿಯೋ, ಬಸ್ಸು ಹೋಗುತ್ತೆ. ಮಣ್ಣಿಗಾದ್ರೂ ಸಿಗೋಣ."

ಹನ್ನೊಂದರ ಬಸ್ಸು ಹಾರನ್ ಹೊಡೆಯಿತು. ತಾಯಿ ಮಗ ಇಬ್ಬರೂ ಓಡಿದರು. ಹಸು ನೋಡಿಕೊಳ್ಳಲು ಅನುಸೂಯ ಉಳಿದಳು.

ಬಸ್ಸಿನ ಧೂಳು ಇಳಿಯುವ ಮೊದಲೇ ಅವಳು ತಿಪ್ಪೆಯ ಮೇಲಿದ್ದಳು. ಪಕ್ಕದ ಮನೆ ಮಾರಕ್ಕನ ಮೇಕೆ ಏನನ್ನೋ ಅಗಿಯುತ್ತಿತ್ತು. ಅದರ ಬಾಯಿಂದ ಕಿತ್ತುಕೊಳ್ಳಲು ಆಗಲಿಲ್ಲ. ಉಳಿದ ಏಳು ಚೂರು ಸಿಕ್ಕವು. ಜಗಲಿಯ ಮೇಲೆ ಜೋಡಿಸಿ, ಬೆರಳಿಟ್ಟುಕೊಂಡು, ಅಕ್ಷರ ಅಕ್ಷರವಾಗಿ ಓದಿದಳು.

"ಶ್ರೀ... ಸಂಜೀ..." ಅಲ್ಲಿಂದ ಮುಂದಕ್ಕೆ ಮೇಕೆಯ ಹೊಟ್ಟೆಯಲ್ಲಿತ್ತು. "ದೊಡ್ಡಬಳ್ಳಾಪುರ... ನೇಕಾರರ ಸಹಕಾರ ಸಂಘ... ಗುಮಾಸ್ತನ ಹುದ್ದೆಗೆ... ಸಂದರ್ಶನಕ್ಕೆ..."

ಗೋಡೆಯ ಕ್ಯಾಲೆಂಡರ್ ನೋಡಿದಳು. ಕಾರ್ಡಿನಲ್ಲಿದ್ದ ತಾರೀಖು ನಾಳೆಯದು. ಬೆಳಿಗ್ಗೆ ಹತ್ತು ಗಂಟೆ, ಮೂಲ ಪತ್ರಗಳೊಂದಿಗೆ. ಮೂಲೆಯ ಕಪ್ಪು, ಯಾವ ಗುಮಾಸ್ತನೋ ಮೊಹರಿನ ಮಸಿ ಚೆಲ್ಲಿಕೊಂಡದ್ದು. ಜಾಗ ಬಿಟ್ಟು ತುಂಬಿಸುವ ಕಾರ್ಡಿನಲ್ಲಿ ಯಾರಾದರೂ ಸಾಯುತ್ತಾರೆಯೇ? ಆ ಮಾತನ್ನು ಆಗಲೇ ಬಾಯಿಬಿಟ್ಟು ಹೇಳಿದ್ದರೆ ಆಗಿತ್ತು.

ದೇವನಹಳ್ಳಿಗೆ ಹೋದವರು ಹೆಣವಿಲ್ಲದಿದ್ದರೂ ಊಟ ಮಾಡದೆ ಬರುವುದಿಲ್ಲ, ಅವರೆಕಾಳಿನ ಕಾಲ ಬೇರೆ. ನಾಳೆ ಮಧ್ಯಾಹ್ನ ಬಂದರೂ ಬಂದರು. ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಇದೂ ಹೋದರೆ ಅವನು ಮತ್ತೆ ಕಂಬಳಿ ಹೊದೆಯುತ್ತಾನೆ. ಇನ್ನೊಂದು ಸಲ ಎಬ್ಬಿಸಲು ತನ್ನ ಬಳಿ ಬೇರೆ ಉಪಾಯವಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಬೆಳಗಿನ ಮುದ್ದೆ ಸ್ವಲ್ಪ ಉಳಿದಿತ್ತು. ಅದನ್ನು ನೀರಲ್ಲಿ ಕಲಸಿ, ಹಳೆಯ ಕ್ಯಾಲೆಂಡರಿನ ರಟ್ಟಿನ ಮೇಲೆ ಏಳೂ ಚೂರು ಅಂಟಿಸಿ ಬಿಸಿಲಿಗಿಟ್ಟಳು. ಪೆಟ್ಟಿಗೆ ತೆಗೆದು ಸರ್ಟಿಫಿಕೇಟುಗಳನ್ನು ಚೀಲಕ್ಕೆ ಹಾಕಿದಳು. ಚೊಂಬಿಗೆ ಕೆಂಡ ತುಂಬಿದಳು. ಹಸುವನ್ನು ಮಾರಕ್ಕನಿಗೆ ಒಪ್ಪಿಸಿದಳು.

"ನೀನೊಬ್ಳೇ ಹೋಗ್ತೀಯಾ? ಬಸ್ಸಲ್ಲಿ?" ಎಂದಳು ಮಾರಕ್ಕ. "ಸಂತೆಗೂ ನನ್ನ ಸೆರಗು ಹಿಡ್ಕೊಂಡು ಬರೋಳು ನೀನು."

"ನಿನ್ ಮೇಕೆ ತಿಂದದ್ದಕ್ಕೆ ನೀನು ಹಾಲು ಕರಿ" ಎಂದಳು ಅನುಸೂಯ. ಹೇಳಿದ ಮೇಲೆ ತಾನೇ ಹೆದರಿ ಬೇಗ ಬೇಗ ನಡೆದಳು.

ಮೂರರ ಬಸ್ಸಿನಲ್ಲಿ ಕಂಡಕ್ಟರ್ ಎರಡು ಸಲ "ಎಲ್ಲಿಗಮ್ಮ?" ಎಂದು ಕೇಳಿದ. ಮೂರನೆಯ ಸಲಕ್ಕೆ ಅವಳು "ದೇವನಹಳ್ಳಿ" ಎಂದಳು. ಅದು ಎಷ್ಟು ಜೋರಾಗಿ ಬಂತೆಂದರೆ ಡ್ರೈವರ್ ಹಿಂದಕ್ಕೆ ತಿರುಗಿ ನೋಡಿದ.

ಆವಲಪ್ಪನ ಮನೆ ಕೋಟೆಯ ಒಳಗೆ. ಅವಳು ಮದುವೆಯಲ್ಲೊಮ್ಮೆ ಬಂದಿದ್ದಳಷ್ಟೆ. ಇಬ್ಬರನ್ನು ಕೇಳಿಕೊಂಡು ಹೋದಳು. ಮನೆಯ ಮುಂದೆ ಚಟ್ಟವಿರಲಿಲ್ಲ, ಹೊಗೆಯಿರಲಿಲ್ಲ. ಆವಲಪ್ಪ ತಾನೇ ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಬಿಡಿಸುತ್ತಿದ್ದ.

"ಬಾಮ್ಮ, ನೀನೂ ನನ್ನ ಮಣ್ಣಿಗೆ ಬಂದ್ಯಾ? ಕೂತ್ಕೋ. ಸಾರು ಇನ್ನೂ ಕುದೀತಾ ಇದೆ."

ಒಳಗಿನಿಂದ ಅಕ್ಕಯಮ್ಮನ ದನಿ ಬಂತು. "ನಗ್ಬೇಡ ಅಣ್ಣಯ್ಯ. ಮೂಲೆಮನೆ ಹತ್ರದಿಂದ ಬಾಯಿ ಬಡ್ಕೊಂಡು ಬಂದಿದ್ದೀನಿ. ಯಾರು ಹೋದ್ರು ಅಂತ ನೋಡೋಕೆ ನೀನೇ ಹೊರಗೆ ಬರೋದಾ?"

"ನನ್ನ ಮನೆ ಮುಂದೆ ಅಳ್ತಾ ಇದ್ರೆ ನಾನಲ್ದೆ ಇನ್ಯಾರು ಬಂದು ನೋಡ್ಬೇಕು?"

ಸಂಜೀವಪ್ಪ ಕಂಬಕ್ಕೊರಗಿ ನಗುತ್ತಿದ್ದ. ಹೆಂಡತಿಯನ್ನು ಕಂಡು ನಗು ನಿಂತಿತು. ಅನುಸೂಯ ರಟ್ಟನ್ನು ಅವನ ಕೈಗಿಟ್ಟಳು. ಓದುತ್ತ ಓದುತ್ತ ಅವನ ಮುಖ ಬಿಳಿಚಿತು. ವಿಷಯ ತಿಳಿದ ಅಕ್ಕಯಮ್ಮ ಬಾಗಿಲಲ್ಲೇ ಕೂತುಬಿಟ್ಟಳು. "ಅದನ್ನ ಹರಿದ ನನ್ನ ಕೈ ಸೇದೋಗ" ಎಂದಳು, ಅಷ್ಟೇ.

"ನಾಳೆ ಹತ್ತಕ್ಕೆ" ಎಂದ ಸಂಜೀವಪ್ಪ. "ಸರ್ಟಿಫಿಕೇಟೆಲ್ಲ ಊರಲ್ಲಿವೆ. ಈ ಅಂಗೀಲಿ ಹೇಗೆ..."

ಅನುಸೂಯ ಚೀಲ ಬಿಚ್ಚಿದಳು. ಸರ್ಟಿಫಿಕೇಟುಗಳು. ಮಡಿಕೆ ಮುರಿಯದ ಅಂಗಿ. ತಳದಲ್ಲಿ ತೊಳೆದಿಟ್ಟ ಖಾಲಿ ಕ್ಯಾರಿಯರ್.

"ಊಟ ಇಲ್ಲಿಂದಾನೇ ತುಂಬ್ಕೊಂಡು ಹೋಗಿ. ದೊಡ್ಡಮಾವನ ಮನೆ ಅವರೆಕಾಳು ಚೆನ್ನಾಗಿರುತ್ತೆ" ಎಂದಳು.

ಮಾರನೆಯ ದಿನ ನಡೆದದ್ದನ್ನು ಸಂಜೀವಪ್ಪ ಊರಿನಲ್ಲಿ ಬಹಳ ಸಲ ಹೇಳಬೇಕಾಯಿತು. ಸಂಘದ ಅಧ್ಯಕ್ಷರು ರಟ್ಟನ್ನು ತಿರುಗಿಸಿ ನೋಡಿ, "ಏನಪ್ಪಾ ಇದು, ಕಾರ್ಡಾ, ರೊಟ್ಟಿನಾ?" ಎಂದರಂತೆ. ಇವನು ಇದ್ದದ್ದು ಇದ್ದಂತೆ ಹೇಳಿದನಂತೆ. ಅವರು ನಕ್ಕು, ಪಕ್ಕದಲ್ಲಿ ಕೂತಿದ್ದ ತಮ್ಮ ಗುಮಾಸ್ತನ ಕಡೆ ನೋಡಿದರಂತೆ. ಅವನು ಮೊಹರಿನ ಡಬ್ಬಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದನಂತೆ. ಆಮೇಲೆ ಟೈಪ್ ಹೊಡೆಸಿದರು. ಒಂದೂವರೆ ವರ್ಷ ಕೆಲಸವಿಲ್ಲದವನ ಕೈ ಇಷ್ಟು ಓಡುತ್ತದಲ್ಲ, ಹೇಗೆ ಎಂದು ಕೇಳಿದರು. ಹಲಗೆಯ ವಿಷಯ ಹೇಳಿದಾಗ ಮಾತ್ರ ಯಾರೂ ನಗಲಿಲ್ಲವಂತೆ. "ತಿಳಿಸ್ತೀವಿ" ಎಂದು ಕಳಿಸಿದರು. ಬಂದಿದ್ದವರು ಒಟ್ಟು ಮೂವತ್ತು ಜನ, ಹುದ್ದೆ ಒಂದು.

ಅವನು ಮರುದಿನ ಹತ್ತಕ್ಕೆ ಮತ್ತೆ ಹೊಂಗೆ ಮರಕ್ಕೆ ಹೋದ. ಅನುಸೂಯ ಅದನ್ನು ನೋಡಿ ಸಮಾಧಾನದಿಂದ ಒಲೆಯ ಮುಂದೆ ಕೂತಳು.

ಮೂರು ವಾರವಾದ ಮೇಲೆ ಲಕ್ಷ್ಮಯ್ಯ ಸೈಕಲ್ ಬೆಲ್ ಹೊಡೆದುಕೊಂಡು ಬಂದ. ದಾರಿಯಲ್ಲೇ ಓದಿಕೊಂಡಿದ್ದ ಎಂಬುದು ಅವನ ಮೀಸೆ ನೋಡಿದರೇ ಗೊತ್ತಾಗುತ್ತಿತ್ತು.

"ಬಾಯಿ ಬಿಟ್ರೆ ನೋಡು" ಎಂದಳು ಅಕ್ಕಯಮ್ಮ. "ಹೋದ ಸಲ ಓದಿದೋಳೇ ಓದ್ಲಿ." ಒಳಗೆ ಹೋಗಿ ಅರಿಶಿನದ ಬಟ್ಟಲು ತಂದಳು. ಕಾರ್ಡಿನ ನಾಲ್ಕು ಮೂಲೆಗೂ ಗಟ್ಟಿಯಾಗಿ ಹಚ್ಚಿದಳು.

"ಏನಿದೆಯೋ ಗೊತ್ತಿಲ್ದೆ ಅರಿಶಿನ ಹಚ್ತೀಯಲ್ಲ ತಾಯಿ" ಎಂದ ಲಕ್ಷ್ಮಯ್ಯ.

"ಏನಿದ್ರೂ ಇನ್ನು ಒಳ್ಳೇದೇ ಆಗ್ಬೇಕು. ಓದಮ್ಮ."

ಅನುಸೂಯ ಬೆರಳಿಟ್ಟುಕೊಂಡು ಓದಿದಳು. ಮೊದಲ ಸಾಲು ತುಟಿಯೊಳಗೇ ಇತ್ತು. ಎರಡನೆಯ ಸಾಲಿಗೆ ದನಿ ಬಂತು. "ಆರು ತಿಂಗಳ ಮಟ್ಟಿಗೆ ತಾತ್ಕಾಲಿಕವಾಗಿ ನೇಮಿಸಲಾಗಿದೆ" ಎನ್ನುವಾಗ ಮಾರಕ್ಕ ಬೇಲಿಯ ಮೇಲೆ ಕತ್ತು ಹಾಕಿ ಕೇಳಿಸಿಕೊಳ್ಳುತ್ತಿದ್ದಳು.

ಅವಳು ಕಾರ್ಡು ಹಿಡಿದು ಇನ್ನೂರು ಹೆಜ್ಜೆ ನಡೆದಳು. ಗಂಡನ ಆಫೀಸಿಗೆ ಅವಳು ಬಂದದ್ದು ಅದೇ ಮೊದಲು. ಸಂಜೀವಪ್ಪ ತೊಡೆಯ ಮೇಲೆ ಹಲಗೆಯಿಟ್ಟುಕೊಂಡು, ರಾಮಾಂಜಿನಪ್ಪ ಹೇಳಿದಂತೆ ಅವನ ತಂಗಿಗೆ ಕಾಗದ ಬರೆಯುತ್ತಿದ್ದ.

"ಏನಮ್ಮ, ಆಫೀಸಿಗೇ ಬಂದ್ಬಿಟ್ಟೆ?" ಎಂದ ರಾಮಾಂಜಿನಪ್ಪ.

"ಸಾಹೇಬ್ರಿಗೆ ವರ್ಗ ಆಗಿದೆ" ಎಂದಳು ಅನುಸೂಯ.

"ಎಲ್ಲಿಗೆ?"

"ದೊಡ್ಡಬಳ್ಳಾಪುರಕ್ಕೆ."

ಸಂಜೀವಪ್ಪ ಕಾರ್ಡು ಓದಿದ. ಅರಿಶಿನ ಬೆರಳಿಗೆ ಅಂಟಿತು. ಇನ್ನೊಮ್ಮೆ ಓದಿದ. ರಾಮಾಂಜಿನಪ್ಪ ಟವೆಲ್ ಕೊಡವಿ ಎದ್ದವನು ಮತ್ತೆ ಕೂತ. "ಹಂಗಾದ್ರೆ ನನ್ನ ಕಾಗದ?"

"ಮುಗಿಸಿಕೊಡ್ತೀನಿ ಇರಪ್ಪ" ಎಂದ ಸಂಜೀವಪ್ಪ. ಪೆನ್ನು ಎತ್ತಿಕೊಂಡ, ಆದರೆ ಮುಂದಿನ ಸಾಲಿಗೆ ದೊಡ್ಡಬಳ್ಳಾಪುರ ಎಂದು ಬರೆದುಬಿಟ್ಟ. ಅನುಸೂಯ ಹಲಗೆಯನ್ನು ತನ್ನ ಕಡೆಗೆ ಎಳೆದುಕೊಂಡು ಪಕ್ಕದಲ್ಲಿ ಕೂತಳು.

"ಹೇಳಣ್ಣ" ಎಂದಳು. "ನಿಧಾನಕ್ಕೆ ಹೇಳು. ಐದು ಗಂಟೆವರ್ಗೂ ಟೈಮಿದೆ."